ಊರು ಬಿಟ್ಟು ಹೊರಡುವ ಮುನ್ನ: ವಿದೇಶದಲ್ಲಿ ಶಾಶ್ವತವಾಗಿ ನೆಲೆಸುವುದೆಂದರೆ ಏನು?

ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ವಲಸೆ ಹೊಸ ವಿಷಯವಲ್ಲ. ನಮ್ಮಲ್ಲಿ ಹೆಚ್ಚಿನವರ ಹಿರಿಯರು ಗೋವಾದಿಂದ ಗಂಟುಮೂಟೆ ಕಟ್ಟಿಕೊಂಡು ಕೆನರಾಕ್ಕೆ ಬಂದವರು. 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟವರಲ್ಲಿ ಬದುಕುಳಿದವರು 1799ರ ನಂತರ ಮರಳಿ ಬಂದು ಹಾಳುಬಿದ್ದ ಗದ್ದೆಗಳನ್ನು ಮತ್ತೆ ಉತ್ತರು. ಆಮೇಲೆ ಬೊಂಬಾಯಿಯ ಕಾಲ ಬಂತು. 1970ರ ದಶಕದಿಂದ ಗಲ್ಫ್ ರಾಷ್ಟ್ರಗಳ ಕಾಲ ಶುರುವಾಯಿತು. ಬೊಂಬಾಯಿಗೆ ಹೋದವರಾಗಲಿ, ಕುವೈಟ್, ದುಬೈ, ಬಹರೈನಿಗೆ ಹೋದವರಾಗಲಿ, ಬಹುತೇಕ ಎಲ್ಲರ ಮನಸ್ಸಿನಲ್ಲೂ ಒಂದು ಮಾತು ಇತ್ತು: ಇಷ್ಟು ವರ್ಷ ದುಡಿದು ಊರಿಗೆ ಮರಳಬೇಕು. ಊರಿನಲ್ಲಿ ಮನೆ ಕಟ್ಟಿಸಿದ್ದು, ಮೊಂತಿ ಫೆಸ್ತಿಗೋ ಕ್ರಿಸ್ಮಸಿಗೋ ರಜೆ ಹಾಕಿ ಬಂದದ್ದು, ತಂಗಿಯ ಮದುವೆ ಮಾಡಿಸಿದ್ದು, ಎಲ್ಲವೂ ಆ ಮಾತಿಗೆ ಸಾಕ್ಷಿ.

ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ವಾಳೆಗಳಿಂದ ಇನ್ನೊಂದು ಬಗೆಯ ಪ್ರಯಾಣ ಹೆಚ್ಚಾಗಿದೆ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲ್ಯಾಂಡ್, ಅಮೆರಿಕ, ಬ್ರಿಟನ್, ಐರ್ಲೆಂಡ್ ಕಡೆಗೆ ಹೋಗುವವರು ಹೆಂಡತಿ ಮಕ್ಕಳೊಂದಿಗೆ ಹೋಗುತ್ತಾರೆ, ಅಲ್ಲೇ ಮನೆ ಕೊಳ್ಳುತ್ತಾರೆ, ಕೆಲವು ವರ್ಷಗಳಲ್ಲಿ ಅಲ್ಲಿನ ಪೌರರಾಗುತ್ತಾರೆ. ಇದು ತಪ್ಪೋ ಸರಿಯೋ ಎಂದು ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ಹಾಗೆ ಹೋಗುವುದೆಂದರೆ ಕಾನೂನಿನ ಕಣ್ಣಿನಲ್ಲಿ, ಜಾಗದ ದಾಖಲೆಗಳಲ್ಲಿ, ಇಗರ್ಜಿಯ ಪುಸ್ತಕಗಳಲ್ಲಿ ಮತ್ತು ಮನೆಯಲ್ಲಿ ಉಳಿಯುವ ಹೆತ್ತವರ ಬದುಕಿನಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ಹೊರಡುವ ಮುನ್ನವೇ ಎಲ್ಲರೂ ತಿಳಿದಿರಬೇಕು ಎಂಬುದಷ್ಟೇ ನಮ್ಮ ಆಶಯ.

ಗಲ್ಫ್ ಬೇರೆ, ಕೆನಡಾ ಬೇರೆ

ಗಲ್ಫ್ ದೇಶಗಳಲ್ಲಿ ಮೂವತ್ತು ವರ್ಷ ದುಡಿದರೂ ಸಾಮಾನ್ಯ ನೌಕರನಿಗೆ ಪೌರತ್ವದ ದಾರಿ ಇಲ್ಲ. ವೀಸಾ ಇರುವುದು ಕೆಲಸದ ಆಧಾರದ ಮೇಲೆ. ಕೆಲಸ ಹೋದರೆ, ನಿವೃತ್ತಿಯಾದರೆ ಹೊರಡಲೇಬೇಕು. ಸಂಯುಕ್ತ ಅರಬ್ ಸಂಸ್ಥಾನ 2019ರಲ್ಲಿ ಆರಂಭಿಸಿದ ಗೋಲ್ಡನ್ ವೀಸಾ ಕೂಡಾ ದೀರ್ಘಕಾಲದ ವಾಸದ ಪರವಾನಿಗೆಯೇ ಹೊರತು ಪೌರತ್ವವಲ್ಲ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈಟನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಊರಿಗೆ ಕರೆತರಬೇಕಾಯಿತು. ಕೈಯಲ್ಲಿ ಒಂದು ಚೀಲ ಹಿಡಿದು ಬಂದಿಳಿದ ಆ ದಿನಗಳನ್ನು ಅನುಭವಿಸಿದವರು ನಮ್ಮ ನಡುವೆ ಇನ್ನೂ ಇದ್ದಾರೆ. 2020ರ ಕೊರೋನಾ ಕಾಲದಲ್ಲಿ ಮತ್ತೆ ಸಾವಿರಾರು ಮಂದಿ ಕೆಲಸ ಕಳೆದುಕೊಂಡು ಮರಳಿದರು.

ಈ ಅನಿಶ್ಚಿತತೆಯೇ ಅನೇಕ ಕುಟುಂಬಗಳನ್ನು ಗಲ್ಫ್‌ನಿಂದ ನೇರವಾಗಿ ಕೆನಡಾ ಅಥವಾ ಆಸ್ಟ್ರೇಲಿಯಾ ಕಡೆಗೆ ತಿರುಗಿಸಿದೆ. ಗಲ್ಫ್‌ನಲ್ಲಿ ಬೆಳೆದ ಮಕ್ಕಳಿಗೆ ಅಲ್ಲಿ ನೆಲೆಯಿಲ್ಲ, ಊರಿನ ಶಾಲೆಯ ಪರಿಚಯವೂ ಇಲ್ಲ. ಮಕ್ಕಳ ಕಾಲೇಜು ಶಿಕ್ಷಣದ ಹೊತ್ತಿಗೆ ತಂದೆತಾಯಿ ಒಂದು ಶಾಶ್ವತ ನೆಲೆ ಹುಡುಕುತ್ತಾರೆ. ಇದನ್ನು ಬರೀ ಹಣದ ಆಸೆ ಎಂದು ಹೇಳಿಬಿಡುವುದು ನ್ಯಾಯವಲ್ಲ.

ಮೂರು ಮೆಟ್ಟಿಲುಗಳು

ಶಾಶ್ವತ ವಲಸೆಯಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿವೆ. ಇವುಗಳನ್ನು ಒಂದಕ್ಕೊಂದು ಬೆರೆಸಿ ಮಾತನಾಡುವುದರಿಂದಲೇ ಎಷ್ಟೋ ಗೊಂದಲ ಹುಟ್ಟುತ್ತದೆ.

ಮೊದಲನೆಯದು ತಾತ್ಕಾಲಿಕ ವೀಸಾ. ವಿದ್ಯಾರ್ಥಿ ವೀಸಾ, ಕೆಲಸದ ವೀಸಾ, ಪ್ರವಾಸಿ ವೀಸಾ ಎಲ್ಲವೂ ಇದರಲ್ಲಿ ಸೇರುತ್ತವೆ. ಇದಕ್ಕೆ ಅವಧಿ ಇದೆ, ಅವಧಿ ಮುಗಿದರೆ ವಾಪಸು ಬರಬೇಕು. ವಿದ್ಯಾರ್ಥಿ ವೀಸಾ ಸಿಕ್ಕಿದ ಮಾತ್ರಕ್ಕೆ ಅಲ್ಲಿ ನೆಲೆಸುವ ಹಕ್ಕು ಸಿಕ್ಕಿತು ಎಂದು ಯಾರೂ ಭಾವಿಸಬಾರದು.

ಎರಡನೆಯದು ಶಾಶ್ವತ ವಾಸದ ಪರವಾನಿಗೆ, ಅಂದರೆ ಎಲ್ಲರೂ ಹೇಳುವ ಪಿ.ಆರ್. ಅಮೆರಿಕದಲ್ಲಿ ಇದನ್ನೇ ಗ್ರೀನ್ ಕಾರ್ಡ್ ಎನ್ನುತ್ತಾರೆ. ಈ ಹಂತದಲ್ಲಿ ವ್ಯಕ್ತಿ ಭಾರತದ ಪೌರನಾಗಿಯೇ ಉಳಿಯುತ್ತಾನೆ, ಭಾರತದ ಪಾಸ್‌ಪೋರ್ಟೇ ಅವನ ಕೈಯಲ್ಲಿರುತ್ತದೆ. ಆದರೆ ಪಿ.ಆರ್. ಉಳಿಸಿಕೊಳ್ಳಲು ಷರತ್ತುಗಳಿವೆ. ಕೆನಡಾದಲ್ಲಿ ಪ್ರತಿ 5 ವರ್ಷಗಳಲ್ಲಿ ಕನಿಷ್ಠ 730 ದಿನ ಅಲ್ಲಿ ವಾಸವಾಗಿರಬೇಕು. ಆಸ್ಟ್ರೇಲಿಯಾದಲ್ಲಿ ಹೊರಗೆ ಹೋಗಿ ಬರುವ ಅನುಮತಿ ಮೊದಲ 5 ವರ್ಷಕ್ಕೆ ಮಾತ್ರ, ಅನಂತರ ಬೇರೆ ವೀಸಾ ಪಡೆಯಬೇಕು. ಪಿ.ಆರ್. ಕಾರ್ಡ್ ತೆಗೆದಿಟ್ಟು ಗಲ್ಫ್‌ನಲ್ಲೇ ಕೆಲಸ ಮುಂದುವರಿಸೋಣ ಎಂದುಕೊಂಡವರು ಈ ಲೆಕ್ಕವನ್ನು ಮರೆತರೆ ಕಾರ್ಡ್ ಕಳೆದುಕೊಳ್ಳುತ್ತಾರೆ.

ಮೂರನೆಯದು ಪೌರತ್ವ. ಕೆನಡಾದಲ್ಲಿ ಅರ್ಜಿ ಹಾಕುವ ಮುಂಚಿನ 5 ವರ್ಷಗಳಲ್ಲಿ 1,095 ದಿನ, ಆಸ್ಟ್ರೇಲಿಯಾದಲ್ಲಿ ಪಿ.ಆರ್. ಆಗಿ ಒಂದು ವರ್ಷವೂ ಸೇರಿದಂತೆ 4 ವರ್ಷ, ನ್ಯೂಜಿಲ್ಯಾಂಡಿನಲ್ಲಿ 5 ವರ್ಷ, ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಸಿಕ್ಕಿದ ಮೇಲೆ ಸಾಮಾನ್ಯವಾಗಿ 5 ವರ್ಷ ವಾಸವಾಗಿರಬೇಕು. ಅಮೆರಿಕದ ವಿಷಯದಲ್ಲಿ ಇನ್ನೊಂದು ತೊಡಕು ಇದೆ. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳಲ್ಲಿ ಒಂದೇ ದೇಶದವರಿಗೆ ವರ್ಷಕ್ಕೆ ಶೇಕಡಾ 7ರ ಮಿತಿ ಇರುವುದರಿಂದ ಭಾರತೀಯರ ಸರತಿ ಸಾಲು ದಶಕಗಳಷ್ಟು ಉದ್ದವಾಗಿದೆ.

ಪೌರತ್ವ ಸ್ವೀಕರಿಸಿದ ದಿನ ಏನಾಗುತ್ತದೆ?

ಭಾರತದ ಕಾನೂನು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯಿದೆಯ 9ನೇ ಸೆಕ್ಷನ್ ಪ್ರಕಾರ, ಭಾರತೀಯನೊಬ್ಬ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣದಿಂದ ಅವನ ಭಾರತೀಯ ಪೌರತ್ವ ತಾನಾಗಿ ಕೊನೆಗೊಳ್ಳುತ್ತದೆ. ಇದಕ್ಕೆ ಅರ್ಜಿ ಬೇಕಿಲ್ಲ, ಆದೇಶವೂ ಬೇಕಿಲ್ಲ. ಅಲ್ಲಿನ ಸಭಾಂಗಣದಲ್ಲಿ ಕೈಯೆತ್ತಿ ಪ್ರಮಾಣ ವಚನ ಹೇಳಿದ ದಿನವೇ ಇಲ್ಲಿನದು ಮುಗಿದಿರುತ್ತದೆ. ಅದಾದ ಮೇಲೆ ಭಾರತದ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವುದು, ಅದನ್ನು ಬಳಸಿ ಪ್ರಯಾಣಿಸುವುದು ಅಪರಾಧ. ಭಾರತೀಯ ದೂತಾವಾಸಕ್ಕೆ ಅದನ್ನು ಒಪ್ಪಿಸಿ ಪ್ರಮಾಣ ಪತ್ರ ಪಡೆಯಬೇಕು. "ಎರಡೂ ಪಾಸ್‌ಪೋರ್ಟ್ ಇರಲಿ, ಯಾರಿಗೆ ಗೊತ್ತಾಗುತ್ತದೆ" ಎಂಬ ಸಲಹೆ ಕೊಡುವವರ ಮಾತು ಕೇಳಿ ದಂಡ ಕಟ್ಟಿದವರಿದ್ದಾರೆ.

ವಿದೇಶಾಂಗ ಸಚಿವಾಲಯವು ಸಂಸತ್ತಿಗೆ ಕೊಟ್ಟ ಮಾಹಿತಿಯಂತೆ 2011ರಲ್ಲಿ 1,22,819 ಮಂದಿ ಭಾರತೀಯ ಪೌರತ್ವ ತೊರೆದಿದ್ದರು. 2022ರಲ್ಲಿ ಈ ಸಂಖ್ಯೆ 2,25,620ಕ್ಕೆ ಏರಿತು. 2023ರಲ್ಲಿ 2,16,219 ಮತ್ತು 2024ರಲ್ಲಿ 2,06,378 ಮಂದಿ ತೊರೆದರು. ನಮ್ಮ ಕರಾವಳಿಯ ಕುಟುಂಬಗಳು ಈ ದೊಡ್ಡ ಪ್ರವಾಹದ ಒಂದು ಸಣ್ಣ ಹನಿ ಮಾತ್ರ.

ಮಕ್ಕಳ ವಿಷಯವನ್ನೂ ಗಮನಿಸಬೇಕು. ಭಾರತೀಯ ಪೌರರಾದ ದಂಪತಿಗೆ ವಿದೇಶದಲ್ಲಿ ಮಗು ಹುಟ್ಟಿದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಮಗುವಿನ ಹೆಸರಿನಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಘೋಷಿಸಬೇಕು. ಕೆನಡಾ, ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದಲೇ ಅಲ್ಲಿನ ಪೌರತ್ವದ ಹಕ್ಕು ಸಿಗುವ ಕಾರಣ, ಹೆಚ್ಚಿನ ಹೆತ್ತವರು ಅಲ್ಲಿನ ಪಾಸ್‌ಪೋರ್ಟನ್ನೇ ಮಾಡಿಸುತ್ತಾರೆ. ಆಗ ಒಂದೇ ಮನೆಯಲ್ಲಿ ತಂದೆತಾಯಿ ಭಾರತೀಯರು, ಮಗು ವಿದೇಶಿ ಎಂಬ ಸ್ಥಿತಿ ಉಂಟಾಗುತ್ತದೆ.

ಓ.ಸಿ.ಐ. ಕಾರ್ಡ್: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಪೌರತ್ವ ಬಿಟ್ಟವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಸರಕಾರ ಸಾಗರೋತ್ತರ ಭಾರತೀಯ ಪೌರ ಎಂಬ ಕಾರ್ಡ್ ಕೊಡುತ್ತದೆ. ಓ.ಸಿ.ಐ. ಎಂದರೆ ಇದೇ. 2005ರಲ್ಲಿ ಇದು ಜಾರಿಗೆ ಬಂತು, ಹಿಂದೆ ಇದ್ದ ಪಿ.ಐ.ಓ. ಕಾರ್ಡನ್ನು 2015ರ ಜನವರಿಯಲ್ಲಿ ಇದರೊಳಗೆ ವಿಲೀನಗೊಳಿಸಲಾಯಿತು. ಹೆಸರಿನಲ್ಲಿ 'ಪೌರ' ಎಂದಿದ್ದರೂ ಇದು ಪೌರತ್ವವಲ್ಲ, ಜೀವನಪರ್ಯಂತದ ವೀಸಾ ಎಂದು ತಿಳಿಯುವುದು ಸೂಕ್ತ.

ಓ.ಸಿ.ಐ. ಇದ್ದವರು ಎಷ್ಟು ಬಾರಿ ಬೇಕಾದರೂ ಬಂದು ಹೋಗಬಹುದು, ಎಷ್ಟು ಕಾಲ ಬೇಕಾದರೂ ಉಳಿಯಬಹುದು, ಖಾಸಗಿ ಕೆಲಸ ಮಾಡಬಹುದು, ಮನೆ ಅಥವಾ ಫ್ಲಾಟ್ ಕೊಳ್ಳಬಹುದು. ಮತದಾನ ಮಾಡುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಸಾಮಾನ್ಯವಾಗಿ ಸರಕಾರಿ ನೌಕರಿ ಸಿಗುವುದಿಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯ ನಂತರ ವೈದ್ಯಕೀಯ, ಇಂಜಿನಿಯರಿಂಗ್ ಮುಂತಾದ ಅಖಿಲ ಭಾರತ ಪ್ರವೇಶ ಪರೀಕ್ಷೆಗಳಲ್ಲಿ ಓ.ಸಿ.ಐ. ಮಕ್ಕಳು ಅನಿವಾಸಿ ಭಾರತೀಯರ ಸೀಟುಗಳಿಗೆ ಮಾತ್ರ ಅರ್ಹರು. ಆ ದಿನಕ್ಕೆ ಮುಂಚೆ ಕಾರ್ಡ್ ಪಡೆದವರಿಗೆ ಇದು ಅನ್ವಯಿಸುವುದಿಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚರ್ಚ್ ಸೇವಕರು ಮುಖ್ಯವಾಗಿ ಗಮನಿಸಬೇಕಾದ ಒಂದಂಶವೂ ಅದೇ ಅಧಿಸೂಚನೆಯಲ್ಲಿದೆ: ಓ.ಸಿ.ಐ. ಹೊಂದಿದವರು ಭಾರತದಲ್ಲಿ ಮಿಷನರಿ ಕಾರ್ಯ, ಪತ್ರಿಕೋದ್ಯಮ, ಸಂಶೋಧನೆ ನಡೆಸಲು ವಿಶೇಷ ಅನುಮತಿ ಪಡೆಯಬೇಕು. ವಿದೇಶದಲ್ಲಿ ಪೌರತ್ವ ಪಡೆದ ಧರ್ಮಗುರುಗಳು, ಧರ್ಮಭಗಿನಿಯರು ಊರಿಗೆ ಬಂದು ಸೇವೆ ಕೈಗೊಳ್ಳುವ ಮುನ್ನ ಇದನ್ನು ವಿಚಾರಿಸಿಕೊಳ್ಳಬೇಕು.

ಕಾರ್ಡ್ ಮಾಡಿಸುವುದನ್ನು ಮುಂದೂಡಬಾರದು ಎಂಬುದಕ್ಕೆ 2023ರ ಘಟನೆಯೇ ಸಾಕು. ಭಾರತ ಮತ್ತು ಕೆನಡಾ ನಡುವಿನ ರಾಜತಾಂತ್ರಿಕ ಬಿಕ್ಕಟ್ಟಿನಿಂದಾಗಿ ಆ ವರ್ಷದ ಸೆಪ್ಟೆಂಬರ್ 21ರಿಂದ ಕೆನಡಾ ಪೌರರಿಗೆ ಭಾರತದ ವೀಸಾ ನೀಡಿಕೆ ನಿಂತುಹೋಯಿತು. ಕೆಲವು ಬಗೆಯ ವೀಸಾಗಳು ಅಕ್ಟೋಬರ್ ಕೊನೆಯಲ್ಲಿ, ಇ-ವೀಸಾ ನವೆಂಬರ್‌ನಲ್ಲಿ ಮತ್ತೆ ಶುರುವಾದವು. ಓ.ಸಿ.ಐ. ಇದ್ದವರಿಗೆ ತೊಂದರೆಯಾಗಲಿಲ್ಲ. ಕಾರ್ಡ್ ಇಲ್ಲದ ಕೆನಡಾ ಪೌರರಿಗೆ ಊರಿನಲ್ಲಿ ತಾಯಿ ಆಸ್ಪತ್ರೆಯಲ್ಲಿದ್ದರೂ ಬರುವುದು ಕಷ್ಟವಾಗುತ್ತಿತ್ತು. ತನ್ನ ಹುಟ್ಟೂರಿಗೆ ಬರಲು ವೀಸಾ ಬೇಕು ಎಂಬ ಮಾತಿನ ಅರ್ಥ ಇಂಥ ಹೊತ್ತಿನಲ್ಲೇ ತಿಳಿಯುವುದು.

ಜಾಗ, ಮನೆ ಮತ್ತು ಬ್ಯಾಂಕ್ ಖಾತೆ

ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಇದನ್ನು ಕೇಳಿ ವಿದೇಶದಲ್ಲಿರುವವರೂ ಅಡಿಕೆ ತೋಟ ಕೊಳ್ಳಬಹುದೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಕೇಂದ್ರದ ವಿದೇಶಿ ವಿನಿಮಯ ಕಾನೂನಿನಂತೆ ಅನಿವಾಸಿ ಭಾರತೀಯರೂ ಓ.ಸಿ.ಐ.ಗಳೂ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ. ಹಿರಿಯರಿಂದ ಪಾಲಾಗಿ ಬಂದರೆ ಇಟ್ಟುಕೊಳ್ಳಬಹುದು. ಮಾರುವುದಿದ್ದರೆ ಭಾರತದಲ್ಲಿ ವಾಸವಾಗಿರುವ ಭಾರತೀಯ ಪೌರನಿಗೇ ಮಾರಬೇಕು.

ಕ್ರೈಸ್ತರ ಆಸ್ತಿ ಪಾಲಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ವೀಲುನಾಮೆ ಬರೆಯದೆ ತಂದೆ ತೀರಿಕೊಂಡರೆ ತಾಯಿಗೆ ಮೂರನೇ ಒಂದು ಪಾಲು, ಉಳಿದ ಮೂರನೇ ಎರಡು ಪಾಲು ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೆ ಸಮನಾಗಿ ಹೋಗುತ್ತದೆ. ವಿದೇಶದಲ್ಲಿದ್ದಾನೆ ಎಂಬ ಕಾರಣಕ್ಕೆ ಯಾರ ಪಾಲೂ ತಪ್ಪುವುದಿಲ್ಲ. ಅದೇ ಕಾಯಿದೆಯ 5ನೇ ಸೆಕ್ಷನ್‌ನಂತೆ ಭಾರತದಲ್ಲಿರುವ ಸ್ಥಿರಾಸ್ತಿಗೆ ಭಾರತದ ಕಾನೂನೇ ನಡೆಯುತ್ತದೆ. ಚರಾಸ್ತಿಗೆ ಮಾತ್ರ ಸಾಯುವಾಗ ವ್ಯಕ್ತಿ ಯಾವ ದೇಶದಲ್ಲಿ ಶಾಶ್ವತವಾಗಿ ನೆಲೆಸಿದ್ದನೋ ಆ ದೇಶದ ಕಾನೂನು ಅನ್ವಯವಾಗುತ್ತದೆ. ಅಂದರೆ ಕೆನಡಾದಲ್ಲಿ ನೆಲೆಸಿದವರ ಊರಿನ ಮನೆಗೆ ಒಂದು ಕಾನೂನು, ಬ್ಯಾಂಕಿನ ಠೇವಣಿಗೆ ಇನ್ನೊಂದು ಕಾನೂನು ಬರಬಹುದು. ಎರಡೂ ಕಡೆ ಸ್ಪಷ್ಟವಾದ ವೀಲುನಾಮೆ ಬರೆದಿಡುವುದು ಒಳ್ಳೆಯದು.

ಹೊರಡುವ ಗಡಿಬಿಡಿಯಲ್ಲಿ ಬಾಕಿ ಉಳಿಯುವ ಕೆಲಸಗಳೇ ಮುಂದೆ ಅಣ್ಣತಮ್ಮಂದಿರ ಜಗಳಕ್ಕೆ ಕಾರಣವಾಗುತ್ತವೆ. ಅಜ್ಜನ ಹೆಸರಿನಲ್ಲೇ ಇರುವ ಪಹಣಿ, ಆಗದ ಖಾತೆ ಬದಲಾವಣೆ, ಬಾಯಿಮಾತಿನ ಪಾಲುಪಟ್ಟಿ ಇವನ್ನೆಲ್ಲ ಎಲ್ಲರೂ ಊರಿನಲ್ಲಿರುವಾಗಲೇ ಸರಿಪಡಿಸಿಕೊಳ್ಳಬೇಕು. ವಿದೇಶದಿಂದ ಅಧಿಕಾರ ಪತ್ರ ಕಳುಹಿಸುವುದಾದರೆ ಅದನ್ನು ಅಲ್ಲಿ ದೂತಾವಾಸದಲ್ಲಿ ದೃಢೀಕರಿಸಿ, ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಅಧಿಕಾರ ಪತ್ರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದರ ಬಲ ಅಂದೇ ಮುಗಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ಬ್ಯಾಂಕಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ, ಎನ್.ಆರ್.ಓ. ಖಾತೆಯಾಗಿ ಬದಲಿಸಬೇಕು. ಊರಿನ ಆಸ್ತಿ ಮಾರಿದ ಹಣ, ಬಾಡಿಗೆ ಇತ್ಯಾದಿ ಈ ಖಾತೆಗೆ ಬರುತ್ತದೆ. ತೆರಿಗೆ ಕಟ್ಟಿದ ನಂತರ ಒಂದು ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷ ಅಮೆರಿಕನ್ ಡಾಲರ್‌ವರೆಗೆ ಹೊರದೇಶಕ್ಕೆ ಒಯ್ಯಬಹುದು.

ಊರಿನಲ್ಲಿ ಉಳಿಯುವವರು

ಈ ವಿಷಯದಲ್ಲಿ ಅತ್ಯಂತ ಭಾರವಾದ ಪ್ರಶ್ನೆ ಹೆತ್ತವರದ್ದು. ನಮ್ಮ ವಾಳೆಗಳಲ್ಲಿ ಒಂದು ಸುತ್ತು ಬಂದರೆ ದೊಡ್ಡ ಮನೆ, ಹೊಸ ಗೇಟು, ಒಳಗೆ ಇಬ್ಬರೇ ವೃದ್ಧರು, ಕೆಲವೊಮ್ಮೆ ಒಬ್ಬರೇ ಇರುವುದನ್ನು ಗುರಿಕಾರರು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. "ಅಪ್ಪಾ, ಒಂದೆರಡು ವರ್ಷದಲ್ಲಿ ನಿಮ್ಮಿಬ್ಬರನ್ನೂ ಕರೆಸಿಕೊಳ್ಳುತ್ತೇವೆ" ಎಂದು ಹೇಳಿ ಹೊರಡುವ ಮಕ್ಕಳು ಸುಳ್ಳು ಹೇಳುವುದಿಲ್ಲ. ಆದರೆ ಆ ಮಾತನ್ನು ನಡೆಸಿಕೊಡುವುದು ಅವರ ಕೈಯಲ್ಲಿ ಮಾತ್ರ ಇರುವುದಿಲ್ಲ.

ಕೆನಡಾದಲ್ಲಿ ಹೆತ್ತವರಿಗೆ ಪಿ.ಆರ್. ಕೊಡಿಸುವ ಯೋಜನೆಗೆ ಮಿತಿಯಿದೆ. ಆಸಕ್ತಿ ತಿಳಿಸಿದವರಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಮಾತ್ರ ಆರಿಸಿ ಕರೆಯಲಾಗುತ್ತಿತ್ತು, 2020ರಲ್ಲಿ ಹೆಸರು ಕೊಟ್ಟವರನ್ನೇ ಮುಂದಿನ ಹಲವು ವರ್ಷ ಕರೆಯಲಾಯಿತು. ಸೂಪರ್ ವೀಸಾ ಎಂಬುದರಲ್ಲಿ ಹೆತ್ತವರು ಒಂದು ಬಾರಿಗೆ 5 ವರ್ಷದವರೆಗೆ ಇರಬಹುದು, ಆದರೆ ಅದಕ್ಕೆ ಮಕ್ಕಳ ಆದಾಯದ ಮಿತಿಯೂ ಕನಿಷ್ಠ 1,00,000 ಕೆನಡಿಯನ್ ಡಾಲರಿನ ಆರೋಗ್ಯ ವಿಮೆಯೂ ಬೇಕು. ಆಸ್ಟ್ರೇಲಿಯಾದಲ್ಲಿ ಹೆತ್ತವರ ಸಾಮಾನ್ಯ ವೀಸಾಕ್ಕೆ ಕಾಯುವ ಅವಧಿ 30 ವರ್ಷಕ್ಕೂ ಮೀರಿದೆ ಎಂದು ಅಲ್ಲಿನ ಸರಕಾರವೇ ಹೇಳುತ್ತದೆ. ಎಪ್ಪತ್ತು ವರ್ಷದ ತಾಯಿಗೆ ಮೂವತ್ತು ವರ್ಷದ ಸರತಿ ಎಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೇಗ ಬೇಕೆಂದರೆ ಒಬ್ಬೊಬ್ಬರಿಗೆ ಹತ್ತಾರು ಸಾವಿರ ಡಾಲರ್ ಶುಲ್ಕದ ಇನ್ನೊಂದು ವೀಸಾ ಇದೆ, ಅದಕ್ಕೂ ವರ್ಷಗಟ್ಟಲೆ ಕಾಯಬೇಕು. ಅಮೆರಿಕದಲ್ಲಿ ಮಾತ್ರ 21 ವರ್ಷ ತುಂಬಿದ ಪೌರರು ಸಂಖ್ಯೆಯ ಮಿತಿಯಿಲ್ಲದೆ ಹೆತ್ತವರನ್ನು ಕರೆಸಿಕೊಳ್ಳಬಹುದು.

ಕರೆಸಿಕೊಂಡರೂ ಎಲ್ಲ ಹಿರಿಯರಿಗೂ ಅದು ಹಿಡಿಸುವುದಿಲ್ಲ. ಚಳಿ, ಭಾಷೆ, ದಿನವಿಡೀ ಮುಚ್ಚಿದ ಬಾಗಿಲು, ನಡೆದು ಹೋಗುವಷ್ಟು ದೂರದಲ್ಲಿ ಇಗರ್ಜಿ ಇಲ್ಲದಿರುವುದು ಅವರನ್ನು ಕುಗ್ಗಿಸುತ್ತದೆ. ಹಾಗೆ ಹೋಗಿ ಆರು ತಿಂಗಳಲ್ಲಿ ಮರಳಿದವರು ನಮ್ಮಲ್ಲಿ ಹಲವರಿದ್ದಾರೆ. ಆದುದರಿಂದ ಹೊರಡುವ ಮುನ್ನವೇ ಕುಟುಂಬದವರು ಕೂತು ನೇರವಾಗಿ ಮಾತನಾಡಬೇಕು. ರಾತ್ರಿ ಎದೆನೋವು ಬಂದರೆ ಯಾರಿಗೆ ಫೋನು ಮಾಡಬೇಕು? ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರು? ಔಷಧಿ, ಕೆಲಸದವರ ಸಂಬಳ, ತೋಟದ ಖರ್ಚು ಯಾರ ಕೈಯಿಂದ? ಊರಲ್ಲೇ ಉಳಿದ ತಂಗಿಯ ಮೇಲೆ ಎಲ್ಲ ಭಾರ ಬೀಳುವುದಾದರೆ ಅದನ್ನು ಉಳಿದವರು ಹೇಗೆ ಹಂಚಿಕೊಳ್ಳುತ್ತಾರೆ? ಪ್ರೀತಿ ಇದ್ದಲ್ಲಿ ಇದೆಲ್ಲ ತಾನಾಗಿ ನಡೆಯುತ್ತದೆ ಎಂದು ಬಿಟ್ಟುಬಿಡುವುದರಿಂದಲೇ ಮನಸ್ತಾಪಗಳು ಹುಟ್ಟುತ್ತವೆ.

ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಯ 2007ರ ಕಾಯಿದೆ ವಿದೇಶದಲ್ಲಿರುವ ಭಾರತೀಯ ಪೌರರಿಗೂ ಅನ್ವಯಿಸುತ್ತದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ದಾನಪತ್ರ ಮಾಡಿಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ದಾನಪತ್ರವನ್ನು ರದ್ದುಪಡಿಸಲು ಅದರ 23ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದುದರಿಂದ ದಾನಪತ್ರ ಬರೆಯುವ ಹಿರಿಯರು ಆ ಷರತ್ತನ್ನು ಪತ್ರದಲ್ಲೇ ಬರೆಸಿಕೊಳ್ಳುವುದು ಒಳಿತು.

ಮರಣದ ವಿಷಯವನ್ನು ಯಾರೂ ಮಾತನಾಡಲು ಬಯಸುವುದಿಲ್ಲ. ಆದರೂ ಮಕ್ಕಳು ಬಂದು ತಲುಪುವವರೆಗೆ ಮೃತದೇಹವನ್ನು ಮೂರು ನಾಲ್ಕು ದಿನ ಶೀತಲ ಶವಾಗಾರದಲ್ಲಿ ಇಡುವುದು, ಬರಲಾಗದವರು ಫೋನಿನ ಪರದೆಯಲ್ಲಿ ಅಂತ್ಯಕ್ರಿಯೆ ನೋಡುವುದು ಇಂದು ನಮ್ಮ ಇಗರ್ಜಿಗಳಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಕಾಯಬೇಕೇ ಬೇಡವೇ ಎಂಬುದನ್ನು ಹಿರಿಯರು ತಾವು ಬದುಕಿರುವಾಗಲೇ ಹೇಳಿಟ್ಟರೆ, ಆ ದಿನ ಮಕ್ಕಳಿಗೆ ಅಪರಾಧಿ ಭಾವನೆ ಕಾಡುವುದು ಕಡಿಮೆಯಾಗುತ್ತದೆ.

ಇಗರ್ಜಿಯ ದಾಖಲೆಗಳು

ಶಾಶ್ವತವಾಗಿ ನೆಲೆಸುವುದು ಎಂದರೇನು ಎಂಬುದನ್ನು ಧರ್ಮಸಭೆಯ ಕಾನೂನು ಬಹಳ ಸರಳವಾಗಿ ಹೇಳಿದೆ. 1983ರ ಕಾನೂನು ಸಂಹಿತೆಯ 102ನೇ ನಿಯಮದಂತೆ, ಒಂದು ಧರ್ಮಕೇಂದ್ರ ಅಥವಾ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿ ಇನ್ನು ಇಲ್ಲೇ ಇರುತ್ತೇನೆಂಬ ಮನಸ್ಸಿನಿಂದ ವಾಸ ಹೂಡಿದರೆ ಅಥವಾ 5 ವರ್ಷ ಪೂರ್ತಿ ವಾಸವಾಗಿದ್ದರೆ ಅಲ್ಲಿ ನೆಲೆ ಸಿಗುತ್ತದೆ. 106ನೇ ನಿಯಮದಂತೆ, ಮರಳುವ ಉದ್ದೇಶವಿಲ್ಲದೆ ಹೊರಟಾಗ ಹಳೆಯ ನೆಲೆ ಕಳೆದುಹೋಗುತ್ತದೆ. ಅಂದರೆ ಹೋದವರು ಅಲ್ಲಿನ ಧರ್ಮಕೇಂದ್ರದ ಸದಸ್ಯರೇ ಆಗುತ್ತಾರೆ. ಅಲ್ಲಿಗೆ ತಲುಪಿದ ಮೇಲೆ ಹೆಸರು ನೋಂದಾಯಿಸಿಕೊಳ್ಳುವುದು ಅಗತ್ಯ. ಮಗುವಿನ ಜ್ಞಾನಸ್ನಾನ, ಕೆಥೊಲಿಕ್ ಶಾಲೆಯ ಪ್ರವೇಶ, ಮದುವೆ ಮುಂತಾದವುಗಳಿಗೆ ಅನೇಕ ಕಡೆ ಈ ನೋಂದಣಿಯನ್ನು ಕೇಳುತ್ತಾರೆ.

ಜ್ಞಾನಸ್ನಾನದ ದಾಖಲೆ ಮಾತ್ರ ಎಂದೂ ವರ್ಗವಾಗುವುದಿಲ್ಲ. 535ನೇ ನಿಯಮದಂತೆ ದೃಢೀಕರಣ, ವಿವಾಹ, ಯಾಜಕ ದೀಕ್ಷೆ ಮುಂತಾದವನ್ನು ಜ್ಞಾನಸ್ನಾನದ ಪುಸ್ತಕದಲ್ಲೇ ಟಿಪ್ಪಣಿಯಾಗಿ ಬರೆಯಬೇಕು. ಟೊರೊಂಟೊದಲ್ಲೋ ಮೆಲ್ಬೋರ್ನಿನಲ್ಲೋ ನಡೆದ ಮದುವೆಯ ತಿಳಿವಳಿಕೆ ಜ್ಞಾನಸ್ನಾನವಾದ ಊರಿನ ಇಗರ್ಜಿಗೆ ಬಂದು, ಅದೇ ಸಾಲಿನ ಪಕ್ಕದಲ್ಲಿ ದಾಖಲಾಗಬೇಕು. ಮದುವೆಗೆ ಹಳೆಯ ಪ್ರಮಾಣ ಪತ್ರ ನಡೆಯುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗೆ ಕೊಟ್ಟ ಪ್ರತಿಯನ್ನು ಮತ್ತು ಮದುವೆಯಾಗಲು ಅಡ್ಡಿಯಿಲ್ಲವೆಂಬ ಪತ್ರವನ್ನು ಕೇಳುತ್ತಾರೆ. ಇವುಗಳಿಗಾಗಿ ಕೊನೆಯ ವಾರ ವಾಟ್ಸ್ಆಪ್ ಮಾಡಿದರೆ ಧರ್ಮಗುರುಗಳಿಗೂ ಕಷ್ಟ, ಮದುಮಕ್ಕಳಿಗೂ ಕಷ್ಟ.

ಹೆಸರಿನ ವ್ಯತ್ಯಾಸ ನಮ್ಮಲ್ಲಿ ಬಹಳ. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಕುಲನಾಮದ ಕಾಗುಣಿತವೂ ಬೇರೆ ಬೇರೆ. ವಲಸೆಯ ಅರ್ಜಿಯಲ್ಲಿ ಇಂಥ ಒಂದು ಅಕ್ಷರ ಕೂಡ ತಿಂಗಳುಗಟ್ಟಲೆ ತಡಮಾಡಬಲ್ಲದು. ಇಗರ್ಜಿಯಲ್ಲಿ ನಡೆದ ಮದುವೆಗೆ ಸರಕಾರಿ ನೋಂದಣಿಯ ಪ್ರತಿಯನ್ನೂ ತೆಗೆದಿಡಬೇಕು. ಪ್ರಮಾಣ ಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಬೇಕಾಗಬಹುದು. ಭಾರತ 2005ರಿಂದ ಈ ಒಪ್ಪಂದದಲ್ಲಿದೆ, ಕೆನಡಾದಲ್ಲಿ ಇದು 2024ರ ಜನವರಿ 11ರಿಂದ ಜಾರಿಗೆ ಬಂದಿದೆ.

ಏಜೆಂಟರ ಬಗ್ಗೆ ಎಚ್ಚರ

ಪಿ.ಆರ್. ಖಚಿತ ಎಂದು ಹೇಳುವವರನ್ನು ನಂಬಬಾರದು. ತೀರ್ಮಾನ ಮಾಡುವುದು ಆ ದೇಶದ ಅಧಿಕಾರಿಗಳೇ ಹೊರತು ಏಜೆಂಟರಲ್ಲ. ಕೆನಡಾಕ್ಕೆ ಹಣ ಪಡೆದು ಸಲಹೆ ಕೊಡುವವರು ಅಲ್ಲಿನ ಪರವಾನಿಗೆ ಹೊಂದಿದ ಸಲಹೆಗಾರರು ಅಥವಾ ವಕೀಲರಾಗಿರಬೇಕು, ಅವರ ಹೆಸರನ್ನು ಸಾರ್ವಜನಿಕ ಪಟ್ಟಿಯಲ್ಲಿ ನೋಡಬಹುದು. ಆಸ್ಟ್ರೇಲಿಯಾದಲ್ಲೂ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಭಾರತದಿಂದ ವಿದೇಶಿ ಉದ್ಯೋಗಕ್ಕೆ ಜನ ಕಳುಹಿಸುವವರು 1983ರ ವಲಸೆ ಕಾಯಿದೆಯಡಿ ನೋಂದಣಿ ಮಾಡಿಕೊಳ್ಳಬೇಕೆಂಬ ನಿಯಮವಿದ್ದು, ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ವಿವರ ಪರಿಶೀಲಿಸಬಹುದು.

ನಿಯಮಗಳು ಎಷ್ಟು ಬೇಗ ಬದಲಾಗುತ್ತವೆ ಎಂಬುದಕ್ಕೆ ಕೆನಡಾ ಉದಾಹರಣೆ. 2024ಕ್ಕೆ 4,85,000 ಪಿ.ಆರ್. ಗುರಿ ಇಟ್ಟುಕೊಂಡಿದ್ದ ಆ ದೇಶ 2025ಕ್ಕೆ ಅದನ್ನು 3,95,000ಕ್ಕೆ ಇಳಿಸಿತು. ವಿದ್ಯಾರ್ಥಿಗಳಿಗೆ ಬೇಗ ವೀಸಾ ಕೊಡುತ್ತಿದ್ದ ಯೋಜನೆಯನ್ನು 2024ರ ನವೆಂಬರ್ 8ರಂದು ನಿಲ್ಲಿಸಿತು. ಉದ್ಯೋಗದ ಆಹ್ವಾನ ಪತ್ರಕ್ಕೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿತು. ಅಂಥ ಪತ್ರಗಳಿಗಾಗಿ ಲಕ್ಷಾಂತರ ರೂಪಾಯಿ ಕಾನೂನುಬಾಹಿರವಾಗಿ ಕೊಟ್ಟವರ ಅಂಕಗಳು ಒಂದೇ ದಿನದಲ್ಲಿ ಇಲ್ಲದಾದವು. ಜಾಗ ಅಡವಿಟ್ಟು, ತಾಯಿಯ ಬಂಗಾರ ಮಾರಿ ಹೊರಡುವ ಯುವಕ ಯುವತಿಯರು ಇದನ್ನು ಯೋಚಿಸಬೇಕು.

ಮರಳುವ ದಾರಿ

ಹೋದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಓ.ಸಿ.ಐ. ಪಡೆದು 5 ವರ್ಷವಾದವರು, ಅರ್ಜಿಗೆ ಮುಂಚೆ 12 ತಿಂಗಳು ಭಾರತದಲ್ಲಿ ವಾಸವಾಗಿದ್ದರೆ, ವಿದೇಶಿ ಪೌರತ್ವ ಬಿಟ್ಟು ಮತ್ತೆ ಭಾರತದ ಪೌರರಾಗಲು ಅರ್ಜಿ ಹಾಕಬಹುದು. ಪಿ.ಆರ್. ಹಂತದಲ್ಲೇ ಇರುವವರು ಭಾರತೀಯರೇ ಆದುದರಿಂದ ಸಾಗರೋತ್ತರ ಮತದಾರರಾಗಿ ಹೆಸರು ನೋಂದಾಯಿಸಬಹುದು. 2010ರ ತಿದ್ದುಪಡಿಯಿಂದ ಬಂದ ಈ ಹಕ್ಕನ್ನು ಚಲಾಯಿಸಲು ಊರಿನ ಮತಗಟ್ಟೆಗೆ ಪಾಸ್‌ಪೋರ್ಟ್ ಹಿಡಿದು ಸ್ವತಃ ಬರಬೇಕು. ಮುಂದೆ ಮರಳುವ ಆಸೆ ಇರುವವರು ಪೌರತ್ವಕ್ಕೆ ಅವಸರ ಮಾಡದೆ ಪಿ.ಆರ್.ನಲ್ಲೇ ಕೆಲಕಾಲ ಇದ್ದು ನೋಡುವುದೂ ಒಂದು ದಾರಿ.

ನಾವು ಏನು ಮಾಡಬಹುದು?

ಧರ್ಮಸಭೆ 1914ರಿಂದ ವಲಸಿಗರಿಗಾಗಿ ಒಂದು ದಿನವನ್ನು ಮೀಸಲಿಟ್ಟಿದೆ. ಆ ದಿನ ಹೋದವರಿಗಾಗಿ ಪ್ರಾರ್ಥಿಸುವಾಗ ಉಳಿದವರನ್ನೂ ನೆನೆಯೋಣ. ಪ್ರತಿ ವಾಳೆಯಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ, ಅವರ ಮಕ್ಕಳ ಫೋನು ನಂಬರು, ಹತ್ತಿರದ ನೆರೆಯವರ ಹೆಸರು ಹಿರಿಯರ ಒಪ್ಪಿಗೆಯೊಂದಿಗೆ ಗುರಿಕಾರರ ಬಳಿ ಇದ್ದರೆ ತುರ್ತು ಸಮಯದಲ್ಲಿ ಉಪಯೋಗವಾದೀತು. ಪಾಲನಾ ಪರಿಷತ್ತು ವರ್ಷಕ್ಕೊಮ್ಮೆ ವಕೀಲರೊಬ್ಬರನ್ನು ಕರೆಸಿ ವೀಲುನಾಮೆ, ಅಧಿಕಾರ ಪತ್ರ, ಪಹಣಿಗಳ ಬಗ್ಗೆ ಮಾಹಿತಿ ಕೊಡಿಸಬಹುದು. ಹೊರಡುವ ಯುವಜನರು ತಮ್ಮ ಜ್ಞಾನಸ್ನಾನ ಮತ್ತು ದೃಢೀಕರಣದ ದಾಖಲೆಗಳನ್ನು ಟಿಕೇಟು ತೆಗೆಯುವ ಮುನ್ನವೇ ಇಗರ್ಜಿಯ ಕಚೇರಿಯಲ್ಲಿ ಪರಿಶೀಲಿಸಿಕೊಳ್ಳಲಿ.

ವಿದೇಶದಲ್ಲಿರುವ ನಮ್ಮ ಬಾಂಧವರಲ್ಲಿ ಒಂದು ವಿನಂತಿ. ಊರಿನ ಇಗರ್ಜಿಯ ಹಬ್ಬಕ್ಕೆ, ಹೊಸ ಕಟ್ಟಡಕ್ಕೆ ನೀವು ಕಳುಹಿಸುವ ದೇಣಿಗೆಗೆ ನಾವೆಲ್ಲ ಕೃತಜ್ಞರು. ಅದಕ್ಕೂ ಮುಂಚೆ, ನಿಮ್ಮ ತಂದೆತಾಯಿಯ ಪಕ್ಕದ ಮನೆಯವರಿಗೆ ಈ ವಾರ ಒಂದು ಫೋನು ಮಾಡಿ. ಅಪ್ಪ ಅಮ್ಮ ಫೋನಿನಲ್ಲಿ "ನಾವು ಚೆನ್ನಾಗಿದ್ದೇವೆ ಮಗಾ" ಎಂದೇ ಹೇಳುತ್ತಾರೆ. ನಿಜವಾಗಿ ಹೇಗಿದ್ದಾರೆ ಎಂಬುದು ನೆರೆಯವರಿಗೆ ಗೊತ್ತಿರುತ್ತದೆ.